ಭೂತಬಂಗಲೆಯ ಹೊರದಾರಿ

ಜಾತ್ರೆ ಮತ್ತು ವಸ್ತುಪ್ರದರ್ಶನಗಳಲ್ಲಿ ಕೆಲವು ವಾರಗಳ ಮಟ್ಟಿಗೆ ತಲೆಯೆತ್ತುವ ಭೂತಬಂಗಲೆಯ ಅಪಾಯವು ಅದರ ಆಕರ್ಷಣೆಯೊಳಗೇ ಅಡಗಿರುತ್ತದೆ. ಏಕೆಂದರೆ ಬೆಂಕಿ ಹತ್ತಿಕೊಂಡಾಗ ಮನುಷ್ಯನನ್ನು ಕಾಪಾಡುವ ಬೆಳಕು, ನೇರವಾದ ದಾರಿ, ಸ್ಪಷ್ಟವಾಗಿ ಕೇಳುವ ದನಿ ಎಂಬ ಮೂರನ್ನೂ ಅಲ್ಲಿ ಬೇಕೆಂದೇ ಇಲ್ಲವಾಗಿಸಲಾಗಿರುತ್ತದೆ. ಪ್ಲೈವುಡ್ ಹಲಗೆಗೆ ಬಡಿದ ಕಪ್ಪು ಬಟ್ಟೆ, ಥರ್ಮೋಕೋಲಿನ ತಲೆಬುರುಡೆ, ಒಬ್ಬರ ಹಿಂದೊಬ್ಬರು ಮಾತ್ರ ನಡೆಯಬಹುದಾದ ಓಣಿ, ಟೇಪು ಸುತ್ತಿ ಜೋಡಿಸಿದ ವಿದ್ಯುತ್ ತಂತಿ ಇವೆಲ್ಲ ಒಂದೆಡೆ ಸೇರಿದಾಗ, ಒಂದು ಕಿಡಿಗೂ ಅನಾಹುತಕ್ಕೂ ನಡುವೆ ಉಳಿಯುವ ಅಂತರ ತೀರ ಕಿರಿದು.

ಈ ಮಾತನ್ನು ಮೈಸೂರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 1989ರ ಫೆಬ್ರುವರಿ 8ರಂದು ನಗರದ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ಹಿಂದಿ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಹೊತ್ತಿದ ಬೆಂಕಿಗೆ 62 ಜನ ಬಲಿಯಾದರು. ಗೋಡೆಗಳಿಗೆ ಗೋಣಿತಾಟು ಹೊದಿಸಲಾಗಿತ್ತು, ತಂತಿಗಳು ಸಡಿಲವಾಗಿದ್ದವು, ಗಾಳಿಕಿಂಡಿಗಳಿರಲಿಲ್ಲ, ದೊಡ್ಡ ದೀಪಗಳ ಕಾವು ಏರಿತ್ತು. ಚಿತ್ರೀಕರಣದ ಸೆಟ್ಟು ಭೂತಬಂಗಲೆಯಲ್ಲ, ನಿಜ. ಆದರೆ ಸುಲಭವಾಗಿ ಉರಿಯುವ ವಸ್ತುಗಳಿಂದ ಕೆಲವು ದಿನಗಳಿಗಾಗಿ ಕಟ್ಟಿದ ಹುಸಿ ಒಳಾಂಗಣ ಎಂಬ ನೆಲೆಯಲ್ಲಿ ಎರಡೂ ಒಂದೇ ಜಾತಿಗೆ ಸೇರಿದವು.

ಅಮೆರಿಕದ ನ್ಯೂಜೆರ್ಸಿಯ ಮನರಂಜನಾ ಉದ್ಯಾನವೊಂದರಲ್ಲಿ, ಟ್ರೈಲರ್‌ಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ್ದ ಭೂತದ ಕೋಟೆಗೆ 1984ರ ಮೇ 11ರಂದು ಬೆಂಕಿ ಬಿದ್ದು ಎಂಟು ಮಂದಿ ಹದಿಹರೆಯದವರು ಸತ್ತರು. ಅಲ್ಲಿನ ಸುರಕ್ಷತಾ ಸಂಹಿತೆಗಳು ಇಂಥ ರಚನೆಗಳನ್ನು ಇಂದು ಪ್ರತ್ಯೇಕ ವರ್ಗವಾಗಿ ಕಾಣುತ್ತವೆ. ಬೆಂಕಿಯ ಸುಳಿವು ಸಿಕ್ಕೊಡನೆ ನೀರು ಚಿಮ್ಮಿಸುವ ವ್ಯವಸ್ಥೆ ಇರಬೇಕು, ಹೊಗೆಯನ್ನು ಗುರುತಿಸುವ ಸಾಧನ ಎಚ್ಚರಿಸಿದ ಕ್ಷಣವೇ ಹೆದರಿಸುವ ಸದ್ದುಗಳೆಲ್ಲ ನಿಂತು ಹೊರದಾರಿಯ ಮೇಲೆ ಬೆಳಕು ಹರಿಯಬೇಕು ಎಂಬುದು ಅವುಗಳ ಸಾರ. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯವಾದದ್ದು. ಚೀತ್ಕಾರವೇ ಆಟವಾಗಿರುವ ಕಡೆ ನಿಜವಾದ ಚೀತ್ಕಾರವನ್ನು ಬೇರೆ ಯಾವುದರಿಂದಲೂ ಗುರುತಿಸಲಾಗದು.

ಭಾರತದಲ್ಲಿ ಪೆಂಡಾಲು ಮೊದಲಾದ ತಾತ್ಕಾಲಿಕ ರಚನೆಗಳ ಅಗ್ನಿಸುರಕ್ಷತೆಗೆ ಐಎಸ್ 8758 ಎಂಬ ಮಾನಕವಿದೆ. ಕೃತಕ ನೂಲಿನ ಬಟ್ಟೆ, ಹಗ್ಗಗಳನ್ನು ಬಳಸಬಾರದು, ವಿದ್ಯುತ್ ಹರಿಯುವ ತಂತಿಯ ಕೆಳಗೆ ಕಟ್ಟಬಾರದು ಎಂಬಂಥ ಸೂಚನೆಗಳು ಅದರಲ್ಲಿವೆ. ಆದರೆ ಪೆಂಡಾಲಿನಲ್ಲಿ ಕುಳಿತವನಿಗೆ ಬಾಗಿಲು ಕಣ್ಣಿಗೆ ಬೀಳುತ್ತದೆ, ಭೂತಬಂಗಲೆಯೊಳಗೆ ಹೊಕ್ಕವನಿಗೆ ಬೀಳುವುದಿಲ್ಲ. ಆದ್ದರಿಂದ ಪೆಂಡಾಲಿನ ನಿಯಮವೊಂದೇ ಇಲ್ಲಿಗೆ ಸಾಲದು.

ನಿಯಮ ಬಿಗಿಯಾಗಿರಬೇಕು ಎಂದರೆ ಅನ್ಯಾಯವಾಗಿರಬೇಕು ಎಂದಲ್ಲ. 2024ರ ಮೇ 25ರಂದು ರಾಜಕೋಟದ ಆಟದ ಕೇಂದ್ರದಲ್ಲಿ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೂ ಇಲ್ಲದೆ ನಡೆಯುತ್ತಿದ್ದ ಜಾಗದಲ್ಲಿ, 27 ಜನ ಸುಟ್ಟುಹೋದಂಥ ದುರಂತವಾದಾಗ ಕಂಡಕಂಡದ್ದಕ್ಕೆಲ್ಲ ಬೀಗ ಜಡಿಯುವುದು, ನೆನಪು ಮಾಸಿದೊಡನೆ ಕಣ್ಣುಮುಚ್ಚುವುದು ಆಡಳಿತವೆನಿಸದು. ಸಾಮಾನುಗಳನ್ನು ಲಾರಿಗೆ ಹೇರಿಕೊಂಡು ಊರಿಂದೂರಿಗೆ ಅಲೆಯುವ ಚಿಕ್ಕ ಮಾಲೀಕನನ್ನು ಪ್ರತಿ ಊರಿನಲ್ಲೂ ಹತ್ತಾರು ಮೇಜುಗಳ ಮುಂದೆ ನಿಲ್ಲಿಸಿದರೆ ಅವನು ಸುರಕ್ಷತೆಗಿಂತ ಲಂಚದ ದಾರಿಯನ್ನೇ ಬೇಗ ಕಲಿಯುತ್ತಾನೆ. ಸಾಮಗ್ರಿ ಮತ್ತು ವಿನ್ಯಾಸಕ್ಕೆ ವರ್ಷಕ್ಕೊಂದೇ ಪ್ರಮಾಣಪತ್ರ, ಜೋಡಣೆ ಮುಗಿದ ಮೇಲೆ ಆಯಾ ಊರಿನಲ್ಲಿ ಒಂದೇ ತಪಾಸಣೆ, ಲೋಪ ಕಂಡರೆ ಅದನ್ನು ಬರೆದುಕೊಟ್ಟು ಸರಿಪಡಿಸಿಕೊಳ್ಳಲು ಕಾಲಾವಕಾಶ, ಆದರೆ ಸರಿಯಾಗುವವರೆಗೆ ಒಬ್ಬರಿಗೂ ಪ್ರವೇಶವಿಲ್ಲ ಎಂಬ ಕ್ರಮವೇ ಮಾಲೀಕನಿಗೂ ಪ್ರೇಕ್ಷಕನಿಗೂ ನ್ಯಾಯವಾದದ್ದು.

ಮೈಸೂರು ಅರಮನೆಯ ಎದುರಿನ ದೊಡ್ಡಕೆರೆ ಮೈದಾನದಲ್ಲಿ ದಸರಾ ವಸ್ತುಪ್ರದರ್ಶನ ನಡೆಸುವ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರವು ಇದಕ್ಕೆ ಮೊದಲ ಹೆಜ್ಜೆ ಇಡಬೇಕು. ಇಂಥ ಮಳಿಗೆ ಬಂದಾಗಲೆಲ್ಲ, ಮೊದಲ ಟಿಕೆಟ್ ಹರಿಯುವ ಮುನ್ನ, ಅಗ್ನಿಶಾಮಕ ಸಿಬ್ಬಂದಿ ಒಳಹೊಕ್ಕು ದೀಪಗಳನ್ನೆಲ್ಲ ಆರಿಸಿ, ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಗಡಿಯಾರ ಹಿಡಿದು ಅಳೆಯಲಿ. ಆ ಲೆಕ್ಕವನ್ನು ಟಿಕೆಟ್ ಕಿಟಕಿಯ ಪಕ್ಕದಲ್ಲಿಯೇ ಕನ್ನಡದಲ್ಲಿ ಬರೆದು ಹಾಕಲಿ.