ಬೈಕಿನ ಹುಚ್ಚಿನಿಂದ ಹುಟ್ಟಿದ ಮಳೆಕೋಟು

ಮಳೆಗಾಲ ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲಿನ ಹಗ್ಗದ ತುಂಬ ಒದ್ದೆ ಬಟ್ಟೆ. ನಿಮ್ಮನೆಯಲ್ಲೂ ಹೀಗೇ ಅಲ್ಲವೇ? ನಮ್ಮ ಯಜಮಾನರು ಸ್ಕೂಟರಿನಲ್ಲಿ ಮನೆಗೆ ಬರುವಾಗ ಮೈಮೇಲೆ ರೇನ್‌ಕೋಟು ಇದ್ದೂ ತೊಯ್ದು ತೊಪ್ಪೆ. "ಕೋಟು ಹಾಕ್ಕೊಂಡಿದ್ರಲ್ಲಾ?" ಎಂದರೆ, "ನೀನೇ ಒಂದ್ಸಲ ಓಡಿಸಿ ನೋಡು" ಅಂತಾರೆ.

ಇದು ಸಾಲದೆಂದು ಮಗನಿಗೆ ಬೈಕಿನ ಹುಚ್ಚು. ರಜೆ ಸಿಕ್ಕರೆ ಘಟ್ಟ ಸುತ್ತೋದು. ಕಳೆದ ವರ್ಷ ನನ್ನ ಹೊಲಿಗೆ ಮಿಷನ್ನಿನಲ್ಲಿ ಟಾರ್ಪಾಲು ಹೊಲಿದು ಬೈಕಿಗೆ ತೂಗುಹಾಕುವ ಚೀಲ ಮಾಡಿದ. ಮೂರು ಸೂಜಿ ಮುರಿದ, ಅದಿರಲಿ. ಈಗ "ಕೆಲಸ ಬಿಟ್ಟು ಇದನ್ನೇ ಕಸುಬು ಮಾಡ್ಕೋತೀನಿ ಅಮ್ಮಾ" ಎಂದು ಹಟ ಹಿಡಿದಿದ್ದಾನೆ. ಅಪ್ಪ ಮಗನಿಗೆ ಮಾತಿಲ್ಲ. ನನ್ನನ್ನು ಒಲಿಸಲೆಂದು ಅವನು ಹೇಳಿದ ಕಥೆಯೇ ಇದು. ನಂಬದೆ ನಾನೂ ಓದಿ ನೋಡಿದೆ. ನಿಮಗೂ ಹೇಳುತ್ತೇನೆ.

ಇಂಗ್ಲೆಂಡಿನ ಈಶಾನ್ಯ ಕಡಲತೀರದಲ್ಲಿ ಸೌತ್ ಶೀಲ್ಡ್ಸ್ ಎಂಬ ಬಂದರು ಊರು. ಅಲ್ಲಿ 1894ರಲ್ಲಿ ಜಾನ್ ಬಾರ್ಬರ್ ಎಂಬವರು ಅಂಗಡಿ ತೆರೆದು ಮೀನುಗಾರರಿಗೂ ಹಡಗಿನ ಕೆಲಸದವರಿಗೂ ಎಣ್ಣೆಬಟ್ಟೆಯ ಕೋಟು ಮಾರುತ್ತಿದ್ದರು. ಅವರ ಮೊಮ್ಮಗ ಡಂಕನ್‌ಗೆ ಮೋಟಾರ್‌ಸೈಕಲ್ ಎಂದರೆ ಪ್ರಾಣ. ಆಗ ಯುರೋಪಿನಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಸ್ಪರ್ಧೆ ನಡೆಯುತ್ತಿತ್ತು, 1913ರಲ್ಲಿ ಶುರುವಾದದ್ದು. ಬೆಟ್ಟ, ಕೆಸರು, ಮಳೆ ಏನೇ ಇರಲಿ, ದಿನವೂ ಓಡಿಸಬೇಕು. ಗಾಡಿ ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬೇಕು.

ಆ ಸ್ಪರ್ಧೆಗೆಂದೇ ಡಂಕನ್ 1936ರಲ್ಲಿ ಮೇಣ ಹಿಡಿಸಿದ ಹತ್ತಿ ಬಟ್ಟೆಯ ಉಡುಪೊಂದನ್ನು ತಂದರು. ಮೇಲಂಗಿ, ಪ್ಯಾಂಟು ಎರಡೂ ಕೂಡಿದ ಒಂದೇ ಉಡುಪು. ಏಕೆ ಗೊತ್ತೇ? ನಿಂತವನ ಮೇಲೆ ಮಳೆ ಮೇಲಿನಿಂದ ಬೀಳುತ್ತದೆ; ಗಾಡಿ ಓಡಿಸುವವನಿಗೆ ಎದುರಿನಿಂದ ಹೊಡೆಯುತ್ತದೆ. ಕುತ್ತಿಗೆ, ಗುಂಡಿಯ ಸಂದು, ಸೊಂಟ, ಎಲ್ಲಿ ಎಡೆ ಸಿಕ್ಕರೂ ಗಾಳಿ ನೀರನ್ನು ಒಳಗೆ ತಳ್ಳುತ್ತದೆ. ಕೂತಲ್ಲಿ ಮಡಿಲಲ್ಲೂ ನೀರು ನಿಲ್ಲುತ್ತದೆ. ನಮ್ಮ ಯಜಮಾನರ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ! ಮುಂದೆ ಬಂದ ಜಾಕೆಟ್ಟಿನ ಎಡ ಎದೆಯ ಜೇಬನ್ನು ಓರೆಯಾಗಿ ಇಟ್ಟರು, ನಕ್ಷೆಯನ್ನು ಸುಲಭವಾಗಿ ಎಳೆದು ನೋಡಲು. ಇಂಥದ್ದು ಗಾಡಿಯ ಮೇಲೆ ಕೂತವನಿಗೇ ಹೊಳೆಯಬೇಕು, ಅಂಗಡಿ ಗಲ್ಲೆಯ ಮೇಲೆ ಕೂತವನಿಗಲ್ಲ.

1977ರವರೆಗೂ ಬ್ರಿಟನ್ನಿನ ತಂಡಗಳು ಬಹುಮಟ್ಟಿಗೆ ಇದನ್ನೇ ತೊಟ್ಟವು. ಯುದ್ಧಕಾಲದಲ್ಲಿ 'ಉರ್ಸುಲಾ' ಎಂಬ ಜಲಾಂತರ್ಗಾಮಿಯ ಕ್ಯಾಪ್ಟನ್, ತನ್ನ ಅಧಿಕಾರಿಯೊಬ್ಬ ಈ ಬೈಕಿನ ಉಡುಪು ತೊಟ್ಟು ಒಣಗಿದ ಮೈಯಲ್ಲಿ ನಿಂತದ್ದನ್ನು ಕಂಡು, ಅದನ್ನೇ ಎರಡು ತುಂಡಾಗಿ ಮಾಡಿಸಿಕೊಂಡನಂತೆ. 1964ರಲ್ಲಿ ಪೂರ್ವ ಜರ್ಮನಿಯಲ್ಲಿ ನಡೆದ ಸ್ಪರ್ಧೆಗೆ ಅಮೆರಿಕದ ನಟ ಸ್ಟೀವ್ ಮೆಕ್ವೀನ್ ಕೂಡ ಇದೇ ಕೋಟಿನಲ್ಲಿ ಇಳಿದ.

ನನ್ನ ಮನಸ್ಸು ನಿಂತದ್ದು ಮಾತ್ರ ಬೇರೆ ಕಡೆ. 1968ರಲ್ಲಿ ಆ ಮನೆಯ ಇನ್ನೊಬ್ಬ ಜಾನ್ ಬಾರ್ಬರ್ ಹಠಾತ್ತಾಗಿ ತೀರಿಕೊಂಡರು. ಮಡದಿ ಮಾರ್ಗರೆಟ್‌ಗೆ ಆಗ 28 ವರ್ಷ, ಕೈಯಲ್ಲಿ ಎರಡು ವರ್ಷದ ಹೆಣ್ಣುಮಗು. ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ಹೆಂಗಸು. ಮಾರಿಬಿಡು ಎನ್ನುವವರಿಗೆ ನಮ್ಮಲ್ಲಾಗಿದ್ದರೆ ಬರವಿತ್ತೇ? ಆಕೆ ಮಾರಲಿಲ್ಲ. 1972ರಲ್ಲಿ ಕಂಪನಿಯ ಅಧ್ಯಕ್ಷೆಯಾದರು. 1980ರಲ್ಲಿ ಕುದುರೆ ಸವಾರರಿಗೆಂದು ಗಿಡ್ಡನೆಯ ಕೋಟು, 1983ರಲ್ಲಿ ಬೆನ್ನಿಗೆ ದೊಡ್ಡ ಜೇಬಿನ ಬೇಟೆ ಕೋಟು, ಎರಡೂ ಅವರ ಕಲ್ಪನೆಯೇ. ಕುದುರೆಯಾಗಲಿ ಬೈಕಾಗಲಿ, ಕೂತವರ ಮೈ ಹೇಗೆ ಬಾಗುತ್ತದೆ ಎಂದು ನೋಡಿ ಹೊಲಿಯುವ ರೀತಿಯೇನೋ ಡಂಕನ್‌ರದ್ದೇ ಎನಿಸಿತು ನನಗೆ.

ಅಂದ ಹಾಗೆ, ಮೇಣದ ಕೋಟು ನಿಮ್ಮ ಮನೆಗೆ ಬಂದರೆ ಸೋಪು, ಬಿಸಿನೀರು, ವಾಷಿಂಗ್ ಮಿಷನ್ ಯಾವುದೂ ಬೇಡ. ಮೇಣ ಹೋದರೆ ಅದು ಬರಿಯ ಬಟ್ಟೆ. ತಣ್ಣೀರಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿ ನೆರಳಲ್ಲಿ ತೂಗುಹಾಕಿ. ವರ್ಷಕ್ಕೊಮ್ಮೆ ಅದಕ್ಕೆಂದೇ ಸಿಗುವ ಮೇಣವನ್ನು ಕರಗಿಸಿ ಹೊಲಿಗೆಗಳ ಮೇಲೆ ಚೆನ್ನಾಗಿ ತಿಕ್ಕಬೇಕು.

ಹೊಲಿಗೆ ಎಂದಾಗ ನೆನಪಾಯಿತು. ಮಗನ ಮೊದಲ ಚೀಲ ಸೋರಿದ್ದು ಸೂಜಿಯ ತೂತುಗಳಲ್ಲಿ. ಅಂಚನ್ನು ಒಳಕ್ಕೆ ಮಡಚಿ ಎರಡು ಸಾಲು ಹೊಲಿ ಎಂದು ನಾನೇ ತೋರಿಸಿಕೊಟ್ಟೆ. ಅವನ ಕೆಲಸ ಬಿಡಿಸುವ ಮಾತಿಗೆ ನಾನಿನ್ನೂ ಹೂಂ ಅಂದಿಲ್ಲ. ಮೊನ್ನೆ ಎರಡನೇ ಚೀಲದೊಳಗೆ ಹಳೇ ಪೇಪರು ತುಂಬಿ, ಬಾವಿಕಟ್ಟೆಯ ಮೇಲಿಟ್ಟು ಕೊಡ ಕೊಡ ನೀರು ಸುರಿದೆವು. ಬಿಚ್ಚಿ ನೋಡಲು ಯಜಮಾನರೂ ಬಂದು ನಿಂತರು. ಪೇಪರಿನ ಒಂದು ಮೂಲೆ ಮಾತ್ರ ಒದ್ದೆಯಾಗಿತ್ತು.