ತಾಮ್ರವನ್ನು ಕಬ್ಬಿಣದಿಂದ ಬಿಡಿಸುವ ಕಾಗದ

ಅಜೆಕಾರು, ಕಾರ್ಕಳದ ಕಡೆಯ ಅಡಿಕೆ ತೋಟಗಳಲ್ಲಿ ಮಳೆಗಾಲವೆಂದರೆ ಕೊಳೆರೋಗದ ಭಯ, ಅದಕ್ಕೆ ಮದ್ದು ಬೋರ್ಡೋ ದ್ರಾವಣ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಕುರಿತ ಅಧ್ಯಯನ ಪ್ರಕಟಿಸಿದ ಕಾಲದಿಂದಲೂ ಅಡಿಕೆ ಬೆಳೆಗಾರರಿಗೆ ಈ ಸಿಂಪಡಣೆ ಪರಿಚಿತ. ಮೈಲುತುತ್ತಿನ ತೂಕದ ಕಾಲು ಭಾಗ ತಾಮ್ರ. ಮದ್ದಿನ ಕೆಲಸ ಮುಗಿದರೂ ತಾಮ್ರ ಮುಗಿಯುವುದಿಲ್ಲ. ಮಳೆಗೆ ತೊಳೆದುಹೋದದ್ದು ಬುಡದ ಮಣ್ಣಿಗಿಳಿಯುತ್ತದೆ. ಆ ಮಣ್ಣೋ, ಕಬ್ಬಿಣದಿಂದಲೇ ಕೆಂಪಾದ ಮುರಕಲ್ಲಿನ ಮಣ್ಣು. ಅದನ್ನು ಆಮ್ಲದಲ್ಲಿ ಕರಗಿಸಿ ಪೊಟ್ಯಾಸಿಯಂ ಫೆರೋಸಯನೈಡ್ ಹಾಕಿದರೆ ತಾಮ್ರ ಕೆಂಗಂದು ಬಣ್ಣ ಕೊಡಬೇಕು. ಆದರೆ ಕಬ್ಬಿಣ ಕೊಡುವ ಗಾಢ ನೀಲಿ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಬಣ್ಣ ಬರಿಸುವ ಮೊದಲು ಎರಡನ್ನೂ ಬೇರ್ಪಡಿಸಬೇಕು.

ಈ ಕೆಲಸಕ್ಕೆ ಒಂದು ಸೋಸುಕಾಗದದ ಪಟ್ಟಿ ಸಾಕು. ಪೇಪರ್ ಕ್ರೊಮ್ಯಾಟೋಗ್ರಫಿಯನ್ನು 1944ರಲ್ಲಿ ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ರೂಪಿಸಿದ್ದು ಅಮೈನೋ ಆಮ್ಲಗಳಿಗಾಗಿ. ಅದರ ಹಿಂದಿದ್ದ ತತ್ವಕ್ಕಾಗಿ ಮಾರ್ಟಿನ್ ಮತ್ತು ಸಿಂಜ್ 1952ರ ನೊಬೆಲ್ ಪಡೆದರು. ಲೋಹಗಳ ಸರದಿ ಬಂದದ್ದು ಆಮೇಲೆ. ಪಟ್ಟಿಯ ಬುಡದ ಬಳಿ ದ್ರಾವಣದ ಸಣ್ಣ ಚುಕ್ಕೆ ಇಟ್ಟು, ತುದಿಯನ್ನು ಅಸಿಟೋನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣಕ್ಕೆ ತಾಗಿಸಿದರೆ, ಒದ್ದೆ ನೆಲಕ್ಕೆ ತಾಗಿದ ಪಂಚೆಯ ಅಂಚಿನಂತೆ ಕಾಗದ ದ್ರವವನ್ನು ಮೇಲಕ್ಕೆ ಹೀರುತ್ತದೆ. ಕಬ್ಬಿಣ ಹೆಚ್ಚುಕಡಿಮೆ ದ್ರವದ ಜೊತೆಗೇ ಏರುತ್ತದೆ, ತಾಮ್ರ ಅದಕ್ಕಿಂತ ಕೆಳಗೆ, ಕೋಬಾಲ್ಟ್ ಇನ್ನೂ ಕೆಳಗೆ. ನಿಕ್ಕಲ್ ಹೊರಟ ಜಾಗವನ್ನು ಬಿಟ್ಟು ಹೆಚ್ಚು ಕದಲದು.

ಇದು ಲೋಹದ ಭಾರದ ಆಟವಾಗಿದ್ದರೆ ನಿಕ್ಕಲ್, ಕೋಬಾಲ್ಟ್ ಒಟ್ಟಿಗೇ ಇರಬೇಕಿತ್ತು. ಅವುಗಳ ಪರಮಾಣು ತೂಕ ಸರಿಸುಮಾರು ಒಂದೇ. ಅವನ್ನು ಬೇರೆ ಮಾಡುವುದು ಸುತ್ತ ಕಟ್ಟಿಕೊಂಡ ಸಂಗಾತಿಗಳು, ಅಂದರೆ ಸಂಕೀರ್ಣಗಳು. ಕಬ್ಬಿಣ ತನ್ನ ನೀರಿನ ಅಣುಗಳನ್ನು ಬಿಟ್ಟು ನಾಲ್ಕು ಕ್ಲೋರೈಡ್‌ಗಳನ್ನು ಸುಲಭವಾಗಿ ಸೇರಿಸಿಕೊಳ್ಳುತ್ತದೆ. ಆ ರೂಪಕ್ಕೆ ಅಸಿಟೋನ್ ಒಗ್ಗುತ್ತದೆ. ನಿಕ್ಕಲ್ ನೀರನ್ನು ಬಿಡಲೊಲ್ಲದೆ, ಕಾಗದದ ನಾರು ಹಿಡಿದಿಟ್ಟ ನೀರಿನಲ್ಲೇ ಉಳಿಯುತ್ತದೆ. ಇದು ಬರಿಯ ಊಹೆಯಲ್ಲ, ಕೋಬಾಲ್ಟ್ ಕಣ್ಣೆದುರೇ ಸಾಕ್ಷಿ ಹೇಳುತ್ತದೆ: ನೀರಿನಲ್ಲಿ ತಿಳಿಗುಲಾಬಿಯಾಗಿದ್ದದ್ದು ಕ್ಲೋರೈಡ್ ಕೂಡಿಕೊಂಡಾಗ ನೀಲಿಯಾಗುತ್ತದೆ. ಕಾಗದದ ಮೇಲೆ ನಾವು ಬಿಡಿಸುವುದು ಲೋಹಗಳನ್ನಲ್ಲ, ಅವುಗಳ ಸಂಕೀರ್ಣಗಳನ್ನು.

ದೊಡ್ಡ ಪ್ರಯೋಗಾಲಯಗಳ ಪರಮಾಣು ಹೀರಿಕೆಯ ಯಂತ್ರ ತಾಮ್ರದ ಪ್ರಮಾಣವನ್ನೇ ಹೇಳುವಾಗ ಈ ಕಾಗದವೇಕೆ ಎಂಬ ಆಕ್ಷೇಪ ಸಹಜ. ಪ್ರಮಾಣದ ಮಾತಿನಲ್ಲಿ ಯಂತ್ರವೇ ಮೇಲು. ಕಲೆಯ ಗಾತ್ರ, ಗಾಢತೆಗಳಿಂದ ಸಿಗುವುದು ಅಂದಾಜು ಮಾತ್ರ. ಆದರೆ ಯಂತ್ರ ಕೊಡುವ ಒಟ್ಟು ಅಂಕಿಯಿಂದ ತಾಮ್ರ ಯಾವ ರೂಪದಲ್ಲಿದೆಯೆಂದು ತಿಳಿಯದು. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಆಮ್ಲದಲ್ಲಿ ಕರಗಿಸಿದೊಡನೆ ಮಣ್ಣಿನೊಳಗಿನ ಸಂಬಂಧಗಳೆಲ್ಲ ಕಡಿದುಹೋಗುತ್ತವಲ್ಲ, ಕಾಗದ ತೋರುವುದು ನಾವೇ ಕಟ್ಟಿದ ಕ್ಲೋರೈಡ್ ಸಂಕೀರ್ಣವನ್ನಲ್ಲವೇ? ಹೌದು. ಆಮ್ಲವನ್ನು ಬಿಡುವಂತೆಯೂ ಇಲ್ಲ. ಅದು ಕಡಿಮೆಯಾದರೆ ಕಬ್ಬಿಣದ ಕಲೆ ಬಾಲ ಎಳೆದು ತಾಮ್ರವನ್ನು ಮತ್ತೆ ಮುಚ್ಚುತ್ತದೆ. ಆದ್ದರಿಂದ ತೋಟದ ತಾಮ್ರ ಯಾವುದಕ್ಕೆ ಅಂಟಿಕೊಂಡಿದೆ ಎಂದು ಈ ಪಟ್ಟಿ ಹೇಳಲಾರದು. ಸಂಗಾತಿ ಬದಲಾದರೆ ಅದೇ ಲೋಹದ ಚಲನೆ ಬದಲಾಗುತ್ತದೆ ಎಂಬುದನ್ನಂತೂ ಸಂದೇಹಕ್ಕೆಡೆಯಿಲ್ಲದೆ ತೋರಿಸುತ್ತದೆ.

ತೋಟದಲ್ಲಿ ನಡೆಯುವುದೂ ಇದೇ ರಸಾಯನಶಾಸ್ತ್ರ. ಕೊಳೆತ ಸೊಪ್ಪು, ಹಟ್ಟಿಗೊಬ್ಬರದ ಸಾವಯವ ಅಂಶ ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಹಾಗೆ ಹಿಡಿದದ್ದು ಬೇರಿಗೆ ಬೇಗ ಸಿಗದು. ಮಣ್ಣು ಹುಳಿಯಾದಷ್ಟೂ ಹಿಡಿತ ಸಡಿಲ. ಕರಾವಳಿಯ ಮುರಕಲ್ಲಿನ ಮಣ್ಣು ಸಾಮಾನ್ಯವಾಗಿ ಹುಳಿಯೇ. ಹೀಗಾಗಿ ಒಂದೇ ಅಂಕಿಯ ತಾಮ್ರ ಎರಡು ತೋಟಗಳಲ್ಲಿ ಬೇರೆ ಬೇರೆ ಪರಿಣಾಮ ಬೀರಬಲ್ಲದು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ತಾಮ್ರದ ಅಂಕಿಯನ್ನು ನೋಡುವವರು ಪಕ್ಕದಲ್ಲೇ ಇರುವ ಹುಳಿಯ ಅಂಕಿ, ಸಾವಯವ ಇಂಗಾಲದ ಅಂಕಿಗಳನ್ನೂ ಜೊತೆಗಿಟ್ಟು ಓದಬೇಕಾದದ್ದು ಇದಕ್ಕಾಗಿಯೇ.