ನಿಮಗಿದು ಗೊತ್ತೇ? ದೊಡ್ಡ ಮಗು, ಸ್ಟ್ರೋಲರ್ ಮತ್ತು ಬಾಯಿಗಿಡುವ ನಿಪ್ಪಲ್

ಮೂರು ವರ್ಷ ದಾಟಿದ ಮಗು ಸ್ಟ್ರೋಲರಿನಲ್ಲಿ ಕೂತಿದ್ದರೆ, ಬಾಯಲ್ಲಿ ಇನ್ನೂ ನಿಪ್ಪಲ್ ಇದ್ದರೆ ಬ್ರಿಟನ್ನಿನ ಹೆತ್ತವರಲ್ಲಿ ಎರಡು ಪಕ್ಷವಾಗುತ್ತದೆ. ‘ಇಷ್ಟು ದೊಡ್ಡವನಾದರೂ ಇನ್ನೂ ಗಾಡಿ ಬೇಕೇ?’ ಎನ್ನುವವರು ಒಂದು ಕಡೆ, ‘ನನ್ನ ಮಗುವಿನ ಕಷ್ಟ ನನಗೆ ಗೊತ್ತು’ ಎನ್ನುವವರು ಇನ್ನೊಂದು ಕಡೆ. ಮಗಳ ಬಾಣಂತನಕ್ಕೆಂದು ಲಂಡನ್ನಿಗೋ ನ್ಯೂಜೆರ್ಸಿಗೋ ಹೋಗುವ ನಮ್ಮ ಅಜ್ಜಿಯಂದಿರ ಕಿವಿಗೂ ಈ ವಾದ ಬೀಳುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಸ್ಟ್ರೋಲರ್‌ಗಳಿಗೆ ಕೊರತೆಯಿಲ್ಲ. ಯಾವ ಪಕ್ಷ ಹಿಡಿಯುವ ಮೊದಲೂ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಗಾಡಿ ಬಂದ ದಾರಿ

● 1733ರಲ್ಲಿ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಕೆಂಟ್ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಪುಟ್ಟ ಗಾಡಿಯೊಂದನ್ನು ರೂಪಿಸಿದ. ಅದನ್ನು ತಳ್ಳುವಂತಿರಲಿಲ್ಲ. ಎಳೆಯಲು ಆಡನ್ನೋ ಕುಳ್ಳ ಕುದುರೆಯನ್ನೋ ಕಟ್ಟಬೇಕಿತ್ತು.

● ಆಫ್ರಿಕನ್ ಅಮೆರಿಕನ್ ಸಂಶೋಧಕ ವಿಲಿಯಂ ರಿಚರ್ಡ್‌ಸನ್ 1889ರಲ್ಲಿ ಹೊಸ ಬಗೆಯ ಗಾಡಿಗೆ ಪೇಟೆಂಟ್ ಪಡೆದ. ಮಗು ಮಲಗುವ ಭಾಗವನ್ನು ತಿರುಗಿಸಿ, ಬೇಕಾದಾಗ ತಾಯಿಯ ಕಡೆಗೆ, ಬೇಕಾದಾಗ ರಸ್ತೆಯ ಕಡೆಗೆ ಮುಖ ಮಾಡಿಸಬಹುದಾಗಿತ್ತು.

● ಕೊಡೆಯ ಹಾಗೆ ಮಡಚುವ ಸ್ಟ್ರೋಲರ್ ವಿಮಾನದ ಎಂಜಿನಿಯರ್ ಒಬ್ಬರ ಕೊಡುಗೆ. ಓವೆನ್ ಮ್ಯಾಕ್ಲಾರೆನ್ ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರದ ಚೌಕಟ್ಟಿನ ವಿನ್ಯಾಸದಲ್ಲಿ ಕೆಲಸ ಮಾಡಿದ್ದವರು. ವಿದೇಶದಿಂದ ಮೊಮ್ಮಗುವಿನೊಂದಿಗೆ ಬಂದ ಮಗಳು ಭಾರದ ಗಾಡಿ ಹೊತ್ತು ಪಡುತ್ತಿದ್ದ ಪಾಡನ್ನು ಕಂಡರು. ಯುದ್ಧವಿಮಾನದ ಚಕ್ರಗಳು ಹೊಟ್ಟೆಯೊಳಕ್ಕೆ ಮಡಚಿಕೊಳ್ಳುವ ಬಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಡ್ಡಡ್ಡಲಾಗಿ ಕತ್ತರಿಯಂತೆ ಜೋಡಿಸಿದ ಅಲ್ಯುಮಿನಿಯಂ ಕೊಳವೆಗಳು, ನಡುವೆ ಪಟ್ಟೆಪಟ್ಟೆಯ ಬಟ್ಟೆ. ಒಟ್ಟು ತೂಕ ಮೂರು ಕೆಜಿಗಿಂತ ಕಡಿಮೆ. ಪೇಟೆಂಟಿಗೆ ಅರ್ಜಿ ಹಾಕಿದ್ದು 1965ರಲ್ಲಿ. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಮಡಚಿದ ಗಾಡಿ ಹಿಡಿದು ತಾಯಿ ಬಸ್ಸು ಹತ್ತುವುದು ಆಮೇಲೆ ಸಾಧ್ಯವಾಯಿತು.

● ‘ಗಾಡಿ ಕೂಸುಗಳಿಗೆ ಮಾತ್ರ’ ಎನ್ನುವುದು ತಯಾರಕರ ನಿಯಮವಲ್ಲ. ಯುರೋಪಿನ ಗುಣಮಟ್ಟದ ಮಾನದಂಡದಲ್ಲಿ 15 ಕೆಜಿ ಮೀರಿ 22 ಕೆಜಿಯವರೆಗೆ ತೂಗುವ ಮಕ್ಕಳ ಗಾಡಿಗಳಿಗೆಂದೇ ಪ್ರತ್ಯೇಕ ಭಾಗವಿದೆ. 22 ಕೆಜಿ ಎಂದರೆ ಆರು ವರ್ಷದ ಮಗುವಿನ ಸರಾಸರಿ ತೂಕಕ್ಕಿಂತಲೂ ಕೊಂಚ ಹೆಚ್ಚು.

ಕಾಲಿಗೆ ಬೇಕಾದದ್ದು

● ಮಗು ಯಾವಾಗ ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ ಉತ್ತರ ಕೊಟ್ಟಿದೆ. 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ನಡೆದರೂ ಸಹಜವೇ. ಪಕ್ಕದ ಮನೆಯ ಮಗು ಮೊದಲೇ ನಡೆಯಿತೆಂದು ಕಂಗಾಲಾಗಬೇಕಿಲ್ಲ.

● ನಡೆಯಲು ಕಲಿಯುವುದು ಎಷ್ಟು ದೊಡ್ಡ ದುಡಿಮೆ ಗೊತ್ತೇ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡುವಾಗ ಹೆಜ್ಜೆ ಎಣಿಸಿದರು. ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬಾರಿ ಬೀಳುವುದು. 2012ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಬಿದ್ದು ಎದ್ದು ನಡೆಯುವ ಆ ಅಭ್ಯಾಸ ಪಟ್ಟಿ ಬಿಗಿದ ಸೀಟಿನಲ್ಲಿ ಸಿಗುವುದಿಲ್ಲ. ‘ಇಳಿಸಿ, ನಡೆಯಲಿ ಬಿಡಿ’ ಎನ್ನುವವರ ಮಾತಿಗೆ ಇಲ್ಲಿ ಗಟ್ಟಿ ಆಧಾರವಿದೆ.

● ಐದು ವರ್ಷದೊಳಗಿನ ಮಗುವನ್ನು ಗಾಡಿಯಲ್ಲಾಗಲಿ, ಎತ್ತರದ ಕುರ್ಚಿಯಲ್ಲಾಗಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಬೆನ್ನಿಗೆ ಕಟ್ಟಿಕೊಳ್ಳುವುದಕ್ಕೂ ಇದೇ ಮಾತು. ಮೂರು, ನಾಲ್ಕರ ವಯಸ್ಸಿನವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು. ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟವಿರಬೇಕು. ಅಂದರೆ ಗಾಡಿಗೆ ನಿಷೇಧವಿಲ್ಲ, ಹೊತ್ತಿಗೆ ಮಿತಿ ಇದೆ.

● ಚನ್ನಪಟ್ಟಣದ ಮೂರು ಗಾಲಿಯ ಮರದ ನಡೆಗಾಡಿಯನ್ನು ಮಗು ತಾನೇ ನಿಂತು, ಹಿಡಿದು ತಳ್ಳುತ್ತದೆ. ಮಗುವನ್ನು ಒಳಗೆ ಕೂರಿಸುವ ಗಾಲಿಯ ವಾಕರ್ ಬೇರೆಯೇ ವಸ್ತು. ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾದ ಪ್ರಕರಣಗಳ ಕಾರಣ 2004ರಲ್ಲಿ ಕೆನಡಾ ಅಂಥ ವಾಕರುಗಳ ಮಾರಾಟವನ್ನೇ ನಿಷೇಧಿಸಿತು. ಹೀಗೆ ಮಾಡಿದ ಮೊದಲ ದೇಶ ಅದೇ.

ಗಾಡಿಯಲ್ಲಿ ಕೂತ ಮಗು

● ಮಗುವಿನ ಮುಖ ಯಾವ ಕಡೆಗಿದೆ? ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಝಾನ್ ಝೀಡಿಕ್ 2008ರಲ್ಲಿ ಇದನ್ನು ಪರೀಕ್ಷಿಸಿದರು. ಮಗು ತಮ್ಮ ಕಡೆಗೆ ಮುಖ ಮಾಡಿ ಕೂತಾಗ ತಾಯಂದಿರು ಸುಮಾರು ಎರಡು ಪಟ್ಟು ಮಾತಾಡುತ್ತಿದ್ದರು. ಮಗುವಿನ ಭಾಷೆ ಬೆಳೆಯುವುದು ಈ ಮಾತಿನಿಂದಲೇ.

● ಡೆನ್ಮಾರ್ಕಿನಲ್ಲಿ ಚಳಿಗಾಲದಲ್ಲೂ ಕೂಸನ್ನು ಬೆಚ್ಚಗೆ ಹೊದಿಸಿ, ಗಾಡಿಯಲ್ಲಿ ಹೊರಗೇ ಮಲಗಿಸುವುದು ರೂಢಿ. 1997ರಲ್ಲಿ ನ್ಯೂಯಾರ್ಕಿಗೆ ಹೋದ ಡೆನ್ಮಾರ್ಕಿನ ತಾಯಿಯೊಬ್ಬಳು ಹೋಟೆಲಿನ ಹೊರಗೆ ಹೀಗೇ ಮಗುವನ್ನು ಬಿಟ್ಟು ಒಳಗೆ ಕೂತಳು. ಪೊಲೀಸರು ಅವಳನ್ನು ಬಂಧಿಸಿದರು. ಒಂದು ಊರಿನ ಒಳ್ಳೆಯ ರೂಢಿ ಇನ್ನೊಂದು ಊರಿನಲ್ಲಿ ಅಪರಾಧವಾಯಿತು.

● ಬಿಸಿಲಿಗೆಂದು ಗಾಡಿಯ ಮೇಲೆ ಬಟ್ಟೆ ಮುಚ್ಚಬೇಡಿ. ತೆಳು ಬಟ್ಟೆಯಾದರೂ ಗಾಳಿ ಆಡದೆ ಒಳಗಿನ ಶಾಖ ಬೇಗ ಏರುತ್ತದೆ, ಮಗುವಿನ ಮುಖವೂ ಕಾಣುವುದಿಲ್ಲ. ಬ್ರಿಟನ್ನಿನ ಬೇಸಿಗೆಗೇ ಅಲ್ಲಿನವರು ಈ ಎಚ್ಚರಿಕೆ ಕೊಡುತ್ತಾರೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಇದು ಇನ್ನೂ ಮುಖ್ಯ.

● ಗಾಡಿ ಬಿಡಿಸುವಾಗ, ಮಡಚುವಾಗ ಮಗು ಹತ್ತಿರ ಇರಬಾರದು. ಕೀಲಿನ ಸಂದಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ 12 ಪ್ರಕರಣಗಳು ವರದಿಯಾದ ಮೇಲೆ 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಸ್ಟ್ರೋಲರುಗಳ ಕೀಲಿಗೆ ಹೊದಿಕೆ ಹಾಕಿಕೊಡಬೇಕಾಯಿತು.

● ಬಸ್ಸಿನಲ್ಲಿ ಗಾಲಿಕುರ್ಚಿಯ ಜಾಗ ಯಾರಿಗೆ? ಮಗು ಮಲಗಿದೆ ಎಂದು ತಾಯಿಯೊಬ್ಬಳು ಸ್ಟ್ರೋಲರ್ ಸರಿಸದೆ ಹೋದದ್ದರಿಂದ ಗಾಲಿಕುರ್ಚಿಯ ಪ್ರಯಾಣಿಕರೊಬ್ಬರು ಬಸ್ಸು ಹತ್ತಲಾಗಲಿಲ್ಲ. ಈ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚಾಲಕ ಒಂದು ಸಲ ಕೇಳಿ ಸುಮ್ಮನಾದರೆ ಸಾಲದು, ಜಾಗ ಬಿಡಿಸಲು ಇನ್ನೂ ಪ್ರಯತ್ನಿಸಬೇಕು ಎಂದು ಕೋರ್ಟು 2017ರ ಜನವರಿಯಲ್ಲಿ ಹೇಳಿತು.

● ಗಾಡಿಯಲ್ಲಿ ಕೂತ ಐದು ವರ್ಷದ ಮಗು ಮೇಲ್ನೋಟಕ್ಕೆ ಆರೋಗ್ಯವಾಗಿ ಕಾಣಬಹುದು. ಅದಕ್ಕೆ ಸ್ನಾಯುಕ್ಷಯ ಇರಬಹುದು, ಹೃದಯದ ತೊಂದರೆ ಇರಬಹುದು, ಕೀಲುಗಳು ಸಡಿಲವಿದ್ದು ಸ್ವಲ್ಪ ನಡೆದರೂ ಕಾಲು ನೋಯುತ್ತಿರಬಹುದು. ಆಟಿಸಂ ಇರುವ ಕೆಲವು ಮಕ್ಕಳು ಗದ್ದಲಕ್ಕೆ ಹೆದರಿ ರಸ್ತೆಗೆ ಓಡಿಬಿಡುತ್ತಾರೆ. ಅವರಿಗೆ ಗಾಡಿಯೇ ರಕ್ಷಣೆ. ಇದನ್ನು ಅರಿತೇ ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ ಸ್ಟ್ರೋಲರನ್ನು ಗಾಲಿಕುರ್ಚಿಯೆಂದು ಪರಿಗಣಿಸುವ ಚೀಟಿ ಕೊಡುತ್ತಾರೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲೂ ನೋಡಿದೊಡನೆ ತಿಳಿಯದಂಥವು ಹಲವಿವೆ.

ನಿಪ್ಪಲ್: ಹಿತವೂ ಹೌದು, ಹೊರೆಯೂ ಹೌದು

● ಚೀಪುವುದನ್ನು ಮಗುವಿಗೆ ಯಾರೂ ಕಲಿಸುವುದಿಲ್ಲ. ಗರ್ಭದಲ್ಲೇ ಬೆರಳು ಚೀಪುವುದು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಯಲ್ಲಿ ನಿಪ್ಪಲ್ ಚೀಪಲು ಕೊಟ್ಟರೆ, ನಳಿಕೆ ಬಿಟ್ಟು ಬಾಯಿಂದ ಹಾಲು ಕುಡಿಯುವುದನ್ನು ಬೇಗ ಕಲಿಯುತ್ತವೆ.

● ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ಬರೆದ ಮೇರಿ ಮಾತೆಯ ಚಿತ್ರವೊಂದು ಬರ್ಲಿನ್ನಿನಲ್ಲಿದೆ. ಶಿಶು ಯೇಸುವಿನ ತೋಳಿನ ಮೇಲೆ ಪುಟ್ಟ ಹಕ್ಕಿ, ಕೈಯಲ್ಲಿ ಗಂಟು ಕಟ್ಟಿದ ಬಟ್ಟೆಯ ತುಣುಕು. ಸಿಹಿಯೋ ತಿನಿಸೋ ಒಳಗಿಟ್ಟು ಮಗುವಿಗೆ ಚೀಪಲು ಕೊಡುತ್ತಿದ್ದ ಆ ಗಂಟೇ ಇಂದಿನ ನಿಪ್ಪಲ್ಲಿನ ಪೂರ್ವಜ.

● ರಬ್ಬರ್ ಮೊಲೆತೊಟ್ಟು, ತಟ್ಟೆ, ಹಿಡಿಯಲು ಬಳೆ: ಇಂದಿನ ಆಕಾರಕ್ಕೆ 1900ರಲ್ಲಿ ನ್ಯೂಯಾರ್ಕಿನ ಔಷಧ ವ್ಯಾಪಾರಿ ಕ್ರಿಶ್ಚಿಯನ್ ಮೈನೆಕೆ ಪೇಟೆಂಟ್ ಪಡೆದ. ತಟ್ಟೆಯಲ್ಲಿರುವ ತೂತುಗಳು ಅಂದಕ್ಕಲ್ಲ. ಅದು ಗಂಟಲಿಗೆ ಸಿಕ್ಕಿಕೊಂಡರೂ ಉಸಿರಾಡಲು ದಾರಿ ಇರಲಿ ಎಂದು.

● ಆರೋಗ್ಯವಾಗಿದ್ದ ಕೂಸು ಕಾರಣವಿಲ್ಲದೆ ನಿದ್ದೆಯಲ್ಲೇ ತೀರಿಕೊಳ್ಳುವ ದುರಂತದ ಅಪಾಯ, ನಿಪ್ಪಲ್ ಕೊಟ್ಟು ಮಲಗಿಸಿದ ಮಕ್ಕಳಲ್ಲಿ ಕಡಿಮೆ ಕಂಡುಬಂದಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಲ್ಲಿ ನಿದ್ದೆಯ ಹೊತ್ತಿಗೆ ನಿಪ್ಪಲ್ ಕೊಡಬಹುದು ಎಂದು ಹೇಳಿದ್ದು ಇದಕ್ಕೇ. ಎದೆಹಾಲು ಕುಡಿಯುವುದು ಚೆನ್ನಾಗಿ ರೂಢಿಯಾದ ಮೇಲೆ ಮಾತ್ರ ಎಂಬ ಷರತ್ತೂ ಅದರೊಂದಿಗಿದೆ.

● ಎದೆಹಾಲು ಕುಡಿಯುವ ಮಕ್ಕಳಿಗೆ ನಿಪ್ಪಲ್ ಕೊಡಲೇಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಹೇಳಿದ್ದವು. 2018ರಲ್ಲಿ ಮಾತು ಬದಲಾಯಿತು. ಅದರ ಬಳಕೆ ಮತ್ತು ಅಪಾಯವನ್ನು ತಾಯಿಗೆ ತಿಳಿಸಿ ಹೇಳಿ ಎಂದಾಯಿತು.

● ಸದಾ ನಿಪ್ಪಲ್ ಚೀಪುವ ಮಕ್ಕಳಿಗೆ ಕಿವಿಯ ಸೋಂಕು ಹೆಚ್ಚು. ಫಿನ್ಲೆಂಡಿನಲ್ಲಿ ಹೆತ್ತವರಿಗೆ ತಿಳಿಹೇಳಿ ಬಳಕೆ ತಗ್ಗಿಸಿದಾಗ ಈ ಸೋಂಕು ಶೇಕಡಾ 29ರಷ್ಟು ಕಡಿಮೆಯಾಯಿತು ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೂಸುಗಳ ಸುರಕ್ಷಿತ ನಿದ್ದೆಗಾಗಿ ದುಡಿಯುವ ಬ್ರಿಟನ್ನಿನ ಲಲ್ಲಬೈ ಟ್ರಸ್ಟ್ 6ರಿಂದ 12 ತಿಂಗಳೊಳಗೆ ನಿಧಾನವಾಗಿ ಬಿಡಿಸಿ ಎನ್ನುತ್ತದೆ.

● ಮೂರು ದಾಟಿದ ಮೇಲೂ ಬಿಡದಿದ್ದರೆ ಹಲ್ಲಿಗೆ ತೊಂದರೆ. ಮಗುವಿಗೆ ಹಲ್ಲು ಕಚ್ಚಲು ಹೇಳಿ ನೋಡಿ. ಹಿಂದಿನ ಹಲ್ಲುಗಳು ಕೂಡಿಕೊಂಡರೂ ಮುಂದೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ನಿಪ್ಪಲ್ ಹಿಡಿಸುವಷ್ಟು ಸಂದಿ ಕಂಡರೆ ದಂತವೈದ್ಯರಿಗೆ ತೋರಿಸಿ. ಬೇಗ ಬಿಡಿಸಿದರೆ ಹಾಲುಹಲ್ಲಿನ ಈ ಸಂದಿ ಎಷ್ಟೋ ಮಕ್ಕಳಲ್ಲಿ ತಾನಾಗಿ ಮುಚ್ಚುತ್ತದೆ. ಬೆರಳು ಚೀಪುವುದರಿಂದಲೂ ಇದೇ ತೊಂದರೆ. ನಿಪ್ಪಲನ್ನಾದರೆ ತೆಗೆದಿಡಬಹುದು, ಬೆರಳನ್ನು ತೆಗೆದಿಡಲಾಗದು.

● ನಿಪ್ಪಲ್ಲನ್ನು ಜೇನಿಗೆ ಅದ್ದಬೇಡಿ. 2018ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಜೇನು ತುಂಬಿದ ನಿಪ್ಪಲ್ ಚೀಪಿದ ನಾಲ್ಕು ಕೂಸುಗಳು ಬಾಟುಲಿಸಂ ಎಂಬ ಮಾರಕ ಕಾಯಿಲೆಯಿಂದ ಆಸ್ಪತ್ರೆ ಸೇರಿದವು. ಜೇನಿನಲ್ಲಿರಬಹುದಾದ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ. ಮಗು ಹುಟ್ಟಿದೊಡನೆ ಜೇನು ನೆಕ್ಕಿಸುವ ರೂಢಿ ನಮ್ಮ ಹಲವು ಮನೆಗಳಲ್ಲಿದೆ. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ದಯವಿಟ್ಟು ಮನೆಯ ಹಿರಿಯರಿಗೂ ಇದನ್ನು ತಿಳಿಸಿ.

● ನಿಪ್ಪಲ್ಲಿಗೆ ದಾರ ಕಟ್ಟಿ ಮಗುವಿನ ಕೊರಳಿಗೆ ಹಾಕಬೇಡಿ, ಉರುಲಾಗಬಹುದು. ಅಂಗಿಗೆ ಸಿಕ್ಕಿಸುವ ಪಟ್ಟಿಯೂ 22 ಸೆಂಟಿಮೀಟರಿಗಿಂತ ಉದ್ದ ಇರಬಾರದು ಎಂಬುದು ಯುರೋಪಿನ ಮಾನದಂಡ.

ಬಿಡಿಸುವುದು, ಬೈಯುವುದು

● ಡೆನ್ಮಾರ್ಕಿನಲ್ಲಿ ನಿಪ್ಪಲ್ ಮರಗಳಿವೆ. ಕೋಪನ್‌ಹೇಗನ್ನಿನ ಫ್ರೆಡರಿಕ್ಸ್‌ಬರ್ಗ್ ಉದ್ಯಾನದಲ್ಲಿರುವ ಮರ ಹೆಸರುವಾಸಿ. ಬಿಡುವ ವಯಸ್ಸಾದ ಮಗು ಮನೆಯವರೊಂದಿಗೆ ಬಂದು, ತನ್ನ ನಿಪ್ಪಲ್ಲನ್ನು ಕೊಂಬೆಗೆ ತಾನೇ ಕಟ್ಟುತ್ತದೆ. ಜೊತೆಗೆ ಬೀಳ್ಕೊಡುಗೆಯ ಚೀಟಿಯೂ ಇರುತ್ತದೆ. ಕಸಿದುಕೊಳ್ಳುವ ಬದಲು ಮಗುವೇ ಒಪ್ಪಿ ಬಿಡುವಂತೆ ಮಾಡುವ ಒಳ್ಳೆಯ ದಾರಿ ಇದು.

● 2015ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಫುಟ್ಬಾಲ್ ಆಟಗಾರ ಡೇವಿಡ್ ಬೆಕ್‌ಹ್ಯಾಮ್ ಅವರ ನಾಲ್ಕು ವರ್ಷದ ಮಗಳ ಬಾಯಲ್ಲಿ ನಿಪ್ಪಲ್ ಇದ್ದ ಚಿತ್ರ ಹಾಕಿ, ಇದು ಸರಿಯೇ ಎಂದು ಕೇಳಿತು. ಮಗುವಿಗೆ ಹುಷಾರಿಲ್ಲದಾಗ, ಜ್ವರವಿದ್ದಾಗ ಯಾವುದರಿಂದ ಸಮಾಧಾನವಾಗುತ್ತದೋ ಅದನ್ನೇ ಹೆತ್ತವರು ಮಾಡುತ್ತಾರೆ, ಏನೂ ತಿಳಿಯದೆ ಟೀಕಿಸುವ ಹಕ್ಕು ಯಾರಿಗಿದೆ ಎಂದು ಅವರು ಇನ್‌ಸ್ಟಾಗ್ರಾಂನಲ್ಲಿ ಉತ್ತರಿಸಿದರು. ಒಂದು ಚಿತ್ರದಿಂದ ಒಂದು ಬಾಲ್ಯವನ್ನು ಅಳೆಯಲಾಗದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಒಟ್ಟಿನಲ್ಲಿ ಎರಡೂ ಪಕ್ಷದವರ ಮಾತಿನಲ್ಲಿ ಸತ್ಯವಿದೆ. ಕಾಲಿಗೆ ದಿನವೂ ಓಟ ಬೇಕು, ಬಾಯಿಗೆ ಮಾತಾಡಲು ಬಿಡುವು ಬೇಕು. ವರ್ಷ ತುಂಬುವ ಹೊತ್ತಿಗೆ ನಿಪ್ಪಲ್ ಬಿಡಿಸಲು ಶುರುಮಾಡಿ, ಮೂರು ದಾಟಿಸಬೇಡಿ. ಸಂಶಯವಿದ್ದರೆ ಮಕ್ಕಳ ವೈದ್ಯರನ್ನು ಕೇಳಿ. ಆದರೆ ಈ ತಿಳಿವಳಿಕೆ ನಿಮ್ಮ ಮನೆಯ ಮಗುವಿಗಿರಲಿ, ದಾರಿಯಲ್ಲಿ ಕಂಡ ತಾಯಿಯನ್ನು ಹಳಿಯುವುದಕ್ಕೆ ಬೇಡ. ದೊಡ್ಡ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಅವಳು ನಮ್ಮ ಎತ್ತರದ ಫುಟ್‌ಪಾತಿನ ಮುಂದೆ ನಿಂತಿದ್ದರೆ, ಗಾಡಿಯ ಮುಂದಿನ ಭಾಗ ಹಿಡಿದು ಎತ್ತಿಕೊಡಿ.